ಕಡತ ಮೇಜಿಗೆ ಬರುವ ಮೊದಲೇ ತಿಳಿಸಿ

ಕಚೇರಿಗೆ ಕಂಪ್ಯೂಟರ್ ಪೂರೈಸುವ ಕಂಪನಿಯಲ್ಲಿ ಹೆಂಡತಿಗೆ ಕೆಲಸ ಸಿಗುತ್ತದೆ. ಅದೇ ಕಂಪನಿಯ ಬಿಲ್ಲು ಗಂಡನ ಮೇಜಿಗೆ ಬರುತ್ತದೆ. ಇಲ್ಲಿಯವರೆಗೆ ಯಾರದೂ ತಪ್ಪಿಲ್ಲ. ವಿಷಯ ತಿಳಿಸದೆ ಸಹಿ ಹಾಕಿದರೆ ಅದು ತಪ್ಪು. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳ 4ನೇ ನಿಯಮ ಇಲ್ಲಿ ಎರಡು ಕೆಲಸ ಹೇಳುತ್ತದೆ. ಮೊದಲನೆಯದು, ಮನೆಯವರು ಕಂಪನಿಗೆ ಸೇರಿದ್ದು ಗೊತ್ತಾದ ಕೂಡಲೇ ನಿಗದಿತ ಪ್ರಾಧಿಕಾರಕ್ಕೆ ತಿಳಿಸುವುದು. ಆ ಕಂಪನಿಯೊಂದಿಗೆ ತನಗೆ ಕಚೇರಿ ವ್ಯವಹಾರ ಇದೆಯೇ, ಹಿಂದೆ ಇತ್ತೇ ಎಂಬುದೂ ಆ ಪತ್ರದಲ್ಲಿರಬೇಕು. ಎರಡನೆಯದು, ಮುಂದೆ ಅದರ ಕಡತ ಬಂದಾಗ ತಾನು ತೀರ್ಮಾನಿಸದೆ ಮೇಲಧಿಕಾರಿಗೆ ಒಪ್ಪಿಸುವುದು. ಟಿಪ್ಪಣಿ ಉದ್ದವಾಗಬೇಕಿಲ್ಲ: ‘ಈ ಸಂಸ್ಥೆಯಲ್ಲಿ ನನ್ನ ಪತ್ನಿ ಉದ್ಯೋಗಿ. ನಿಯಮ 4ರಂತೆ ಕಡತವನ್ನು ತಮ್ಮ ಆದೇಶಕ್ಕಾಗಿ ಮಂಡಿಸಿದೆ.’ ಕೆಳಗೆ ಸಹಿ, ತಾರೀಖು. ಬಾಯಿಮಾತಿನಲ್ಲಿ ಹೇಳಿದ್ದು ಮೇಲಧಿಕಾರಿಯ ವರ್ಗಾವಣೆಯೊಂದಿಗೇ ಹೋಗಿಬಿಡುತ್ತದೆ.

‘ನಾನು ಪ್ರಾಮಾಣಿಕ, ಪಕ್ಷಪಾತ ಮಾಡುವವನಲ್ಲ, ಮತ್ತೇಕೆ ಹೇಳಬೇಕು?’ ಎಂಬ ಆಕ್ಷೇಪಕ್ಕೆ 1969ರಲ್ಲೇ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ. ಕ್ರೈಪಾಕ್ ಪ್ರಕರಣದಲ್ಲಿ ಜಮ್ಮು ಮತ್ತು ಕಾಶ್ಮೀರದ ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಭಾರತೀಯ ಅರಣ್ಯ ಸೇವೆಯ ಆಯ್ಕೆ ಮಂಡಳಿಯ ಸದಸ್ಯರಾಗಿದ್ದರು, ಅದೇ ಸೇವೆಗೆ ಅಭ್ಯರ್ಥಿಯೂ ಆಗಿದ್ದರು. ತಮ್ಮ ಹೆಸರು ಚರ್ಚೆಗೆ ಬಂದಾಗ ಅವರು ಕೂರಲಿಲ್ಲ. ಅವರು ತಮ್ಮ ಮೇಲೆ ಪ್ರಭಾವ ಬೀರಿಲ್ಲವೆಂದು ಉಳಿದ ಸದಸ್ಯರು ಪ್ರಮಾಣಪತ್ರವನ್ನೂ ಕೊಟ್ಟರು. ಆದರೂ ಆಯ್ಕೆ ರದ್ದಾಯಿತು. ಪಕ್ಷಪಾತ ನಡೆಯಿತೆಂದು ಸಾಬೀತಾಗಬೇಕಿಲ್ಲ, ನಡೆಯುವ ಸಕಾರಣ ಸಂಭವವಿದ್ದರೆ ಸಾಕು ಎಂಬುದು ಆ ತೀರ್ಪಿನ ತಿರುಳು. ಹಾಗಾಗಿ ಕೊನೆಯ ಸಹಿ ಹೊತ್ತಿಗೆ ಎದ್ದುಹೋಗುವುದು ಸಾಲದು. ಟೆಂಡರ್ ಷರತ್ತು ಬರೆಯುವುದರಿಂದ ಹಿಡಿದು ಬಿಲ್ಲು ಪಾಸಾಗುವವರೆಗೆ ದೂರವಿರಬೇಕು.

ಸಣ್ಣ ಊರಲ್ಲಿ ಎಲ್ಲರೂ ನೆಂಟರೇ, ಎಷ್ಟು ಕಡತ ಬಿಡುವುದು ಎಂಬ ಆಕ್ಷೇಪದಲ್ಲಿ ಹುರುಳಿದೆ. ನಿಯಮದಲ್ಲಿ ‘ಕುಟುಂಬ’ವೆಂದರೆ ಮುಖ್ಯವಾಗಿ ಗಂಡ ಅಥವಾ ಹೆಂಡತಿ, ಅವಲಂಬಿತ ಮಕ್ಕಳು, ಪೂರ್ತಿ ಅವಲಂಬಿತರಾದ ಇತರ ಬಂಧುಗಳು. ದುಡಿಯುವ ತಮ್ಮನಾಗಲಿ ಸ್ವಂತ ಕಾಲ ಮೇಲೆ ನಿಂತ ಮಗಳಾಗಲಿ ಅದರೊಳಗೆ ಬರುವುದಿಲ್ಲ. ಆದರೆ 2014ರಲ್ಲಿ 3ನೇ ನಿಯಮಕ್ಕೆ ಸೇರಿದ ಅಂಶ, ಕರ್ತವ್ಯಕ್ಕೆ ಸಂಬಂಧಿಸಿದ ಖಾಸಗಿ ಹಿತಾಸಕ್ತಿಯನ್ನು ಘೋಷಿಸಬೇಕೆನ್ನುತ್ತದೆ. ದೂರದ ನೆಂಟನ ಅಂಗಡಿ ಪರವಾನಗಿಗೆ ಪತ್ರ ಬೇಡ. ತಮ್ಮನ ಗುತ್ತಿಗೆಗೆ ಬೇಕೇಬೇಕು. ಅನುಮಾನ ಬಂದರೆ ಬರೆದುಬಿಡುವುದೇ ಸರಿ. ತೀರ್ಮಾನದ ಹೊಣೆ ಆಗ ಮೇಲಧಿಕಾರಿಯದು. ಹೀಗೆ ಬರೆದುಕೊಡುವುದನ್ನು ತಪ್ಪೊಪ್ಪಿಗೆ ಎಂದು ಕಾಣುವ ಸಹೋದ್ಯೋಗಿಗಳು ನೌಕರನಿಗೂ ಇಲಾಖೆಗೂ ಅನ್ಯಾಯ ಮಾಡುತ್ತಾರೆ.

ರಾಜ್ಯ ನೌಕರರು ಕರ್ನಾಟಕದ 2021ರ ನಡತೆ ನಿಯಮಗಳನ್ನು ನೋಡಿಕೊಳ್ಳಬೇಕು. ಪತ್ರದಲ್ಲಿ ಸಂಸ್ಥೆಯ ಹೆಸರು, ಸಂಬಂಧ, ಹುದ್ದೆ, ನಿಮ್ಮ ಕಚೇರಿಗೂ ಅದಕ್ಕೂ ಇರುವ ವ್ಯವಹಾರ, ಇಷ್ಟನ್ನು ಬರೆಯಿರಿ. ಟಪಾಲು ವಿಭಾಗದಲ್ಲಿ ಕೊಟ್ಟು, ಮೊಹರು ಬಿದ್ದ ಪ್ರತಿಯನ್ನು ಜೋಪಾನವಾಗಿಡಿ. ಮನೆಯವರು ಕೆಲಸ ಬದಲಿಸಿದರೆ ಹೊಸ ಪತ್ರ ಕೊಡಿ. ಈಗಾಗಲೇ ಅಂಥ ಕಡತವೊಂದು ನಿಮ್ಮ ಬಳಿ ಇದ್ದರೆ, ಸಹಿ ಹಾಕುವ ಮೊದಲು ಈ ಪತ್ರ ಬರೆಯಿರಿ.