ಕಿವಿಗೆ ಒಂದೇ, ಕಣ್ಣಿಗೆ ಬೇರೆ

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತ ನನಗೆ ಮನವರಿಕೆಯಾದ ಕೆಲವು ಸಂಗತಿಗಳಿವು.

1. ಉಚ್ಚಾರ ಒಂದೇ, ಸ್ಪೆಲ್ಲಿಂಗ್ ಬೇರೆ ಇರುವ ಜೋಡಿಪದಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಬೇಡಿ. ‘ಅಲ್ಲಿ’ ಎಂಬರ್ಥದ ದೇರ್, ‘ಅವರ’ ಎಂಬರ್ಥದ ದೇರ್ ಎರಡನ್ನೂ ಒಂದೇ ದಿನ ಬೋರ್ಡಿನ ಮೇಲೆ ಬರೆದರೆ, ಅಲ್ಲಿಯವರೆಗೆ ಸರಿಯಾಗಿ ಬರೆಯುತ್ತಿದ್ದ ಮಗುವೂ ತಡವರಿಸುತ್ತದೆ. ಒಂದು ಗಟ್ಟಿಯಾದ ಮೇಲೆ ಇನ್ನೊಂದು.

2. ಪದದ ಬಳಗವನ್ನು ತೋರಿಸಿ. ‘ಕೇಳು’ ಎಂಬ ಹಿಯರ್ ಒಳಗೆ ಇಯರ್, ಅಂದರೆ ಕಿವಿಯೇ ಇದೆ. ‘ಎರಡು’ ಎಂಬ ಟು ಪದದಲ್ಲಿ ಡಬ್ಲ್ಯು ಯಾಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಟ್ವಿನ್, ಟ್ವೆಲ್ವ್, ಟ್ವೆಂಟಿ ಬರೆದು ತೋರಿಸಿ. ಅಲ್ಲೆಲ್ಲ ಅದರ ದನಿ ಕೇಳಿಸುತ್ತದೆ, ಇಲ್ಲಿ ಮಾತ್ರ ಅಡಗಿದೆ. ಕಾಗದ, ಪೆನ್ನು ಮಾರುವವನು ಸ್ಟೇಷನರ್, ಕೊನೆಗೆ ಇ ಮತ್ತು ಆರ್. ಆದ್ದರಿಂದ ಅವನ ಸರಕಿನ ಸ್ಟೇಷನರಿಗೂ ಇ. ‘ನಿಂತಲ್ಲೇ ನಿಂತ’ ಎಂಬರ್ಥದ ಸ್ಟೇಷನರಿಗೆ ಎ.

3. ಸ್ಪೆಲ್ಲಿಂಗಿನ ಹಿಂದಿನ ಕಥೆ ಹೇಳಿ. ಬರೆದಂತೆಯೇ ಓದುವ ನಮ್ಮ ಮಕ್ಕಳಿಗೆ, ಕುದುರೆ ಏರಿದ ಯೋಧನ ‘ನೈಟ್’ ಮುಂದೆ ಕೆ ಇರುವುದು ಶುದ್ಧ ಅನ್ಯಾಯವಾಗಿ ಕಾಣುತ್ತದೆ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚಿನ ಮನೆ ತೆರೆದಾಗ ಜನ ಆ ಕೆಯನ್ನು ಬಾಯಿಬಿಟ್ಟೇ ಉಚ್ಚರಿಸುತ್ತಿದ್ದರು. ಮಾಂಸದ ಮೀಟ್, ಭೇಟಿಯ ಮೀಟ್ ಎರಡರ ಸ್ವರವೂ ಆಗ ಬೇರೆಬೇರೆ. ಮುಂದೆ ಅಚ್ಚಿನಲ್ಲಿ ಅಕ್ಷರಗಳು ನೆಲೆ ನಿಂತವು, ಉಚ್ಚಾರ ಮಾತ್ರ ಬದಲಾಗುತ್ತ ಹೋಯಿತು. ಇಷ್ಟು ಹೇಳಿದರೆ ಸಾಕು, ಮಕ್ಕಳಿಗೆ ಆ ಕೆಯ ಮೇಲೆ ಪ್ರೀತಿಯೇ ಹುಟ್ಟುತ್ತದೆ.

4. ನಮ್ಮ ನಾಲಿಗೆ ಹುಟ್ಟಿಸುವ ಜೋಡಿಗಳೂ ಇವೆ. ಕನ್ನಡಕ್ಕೆ ಇರುವುದು ಒಂದೇ ವಕಾರ. ಹಾಗಾಗಿ ಪಶ್ಚಿಮದ ವೆಸ್ಟ್, ಒಳಅಂಗಿಯ ವೆಸ್ಟ್ ನಮ್ಮ ಬಾಯಲ್ಲಿ ಒಂದಾಗುತ್ತವೆ. ಒಂದು ಕನ್ನಡಿ ಸಾಕು. ವಿ ಎನ್ನುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಡಬ್ಲ್ಯು ಸದ್ದಿಗೆ ತುಟಿ ದುಂಡಗಾಗಬೇಕು, ಹಲ್ಲು ತಾಗಕೂಡದು.

5. ಡಿಕ್ಟೇಷನ್‌ನಲ್ಲಿ ಬಿಡಿ ಪದ ಕೊಡಬೇಡಿ. ‘ಸನ್’ ಎಂದಷ್ಟೇ ಹೇಳಿದರೆ ಮಗ ಎಂದು ಬರೆದ ಹುಡುಗಿಯೂ ಸರಿ, ಸೂರ್ಯ ಎಂದು ಬರೆದ ಹುಡುಗನೂ ಸರಿ. ಯಾರ ಅಂಕ ಕಳೆಯುತ್ತೀರಿ? ‘ದ ಸನ್ ರೋಸ್ ಅಟ್ ಸಿಕ್ಸ್’ ಎನ್ನಿ. ಸೂರ್ಯ ಯಾವುದು, ಗುಲಾಬಿಯಲ್ಲದ ರೋಸ್ ಯಾವುದು ಎಂದು ಇಡೀ ವಾಕ್ಯ ಕೇಳಿದ ಮಗು ತಾನೇ ತೀರ್ಮಾನಿಸುತ್ತದೆ.