ವರ್ಸೇಲ್ಸಿನ ಸಂಧಿಯೂ ನಗರದ ಕೋಟೆಯೂ

ಕೋಣಂದೂರಿನ ಕಡೆಯಿಂದ ಹೊಸನಗರದ ಮಾರ್ಗವಾಗಿ ನಗರಕ್ಕೆ ಹೋದವರೆಲ್ಲರೂ ಅಲ್ಲಿಯ ಹಳೆಯ ಕೋಟೆಯನ್ನು ಕಂಡೇ ಇರುವರು. “ಇಲ್ಲಿ ಯಾರು ಯಾರೊಡನೆ, ಯಾತಕ್ಕಾಗಿ ಕಾದಿದರು?” ಎಂದು ನಮ್ಮ ವಿದ್ಯಾರ್ಥಿನಿಯರು ಕೇಳುವುದುಂಟು. ಆ ಪ್ರಶ್ನೆಗೆ ಉತ್ತರವನ್ನು ಮಲೆನಾಡಿನಲ್ಲಿ ಮಾತ್ರ ಹುಡುಕಿದರೆ ಸಾಲದೆಂಬುದನ್ನು ಈ ಚಿಕ್ಕ ಪಾಠದಲ್ಲಿ ತಿಳಿಸಲಿಚ್ಛಿಸುತ್ತೇವೆ.

ಕೆಳದಿಯ ಅರಸರ ರಾಜಧಾನಿಯಾಗಿದ್ದ ಬಿದನೂರನ್ನು ಹೈದರಾಲಿಯು 1763ರಲ್ಲಿ ಗೆದ್ದು ಹೈದರ್‌ನಗರವೆಂದು ಕರೆದನು. ಮುಂದೆ ಅಮೆರಿಕದ ವಸಾಹತುಗಳು ಇಂಗ್ಲೆಂಡಿನ ಮೇಲೆ ದಂಗೆಯೆದ್ದಾಗ, ಫ್ರೆಂಚರು 1778ರಲ್ಲಿ ಅವುಗಳ ಪಕ್ಷ ವಹಿಸಿದರು. ಎರಡು ಸಾಮ್ರಾಜ್ಯಗಳ ಹಗೆಯು ಸಮುದ್ರಗಳನ್ನು ದಾಟಿ ಬಂದಿತು. 1779ರಲ್ಲಿ ಆಂಗ್ಲೇಯರು ಮಲಬಾರಿನ ಫ್ರೆಂಚ್ ಠಾಣೆಯಾದ ಮಾಹೆಯನ್ನು ಹಿಡಿದರು. ಹೈದರನಿಗೆ ಫ್ರೆಂಚರ ಯುದ್ಧ ಸಾಮಗ್ರಿ ಬರುತ್ತಿದ್ದುದು ಆ ರೇವಿನಿಂದಲೇ. ಅದು ತನ್ನ ರಕ್ಷಣೆಯಲ್ಲಿದೆಯೆಂದು ಅವನು ಎಚ್ಚರಿಸಿದ್ದನು. ಈ ಕೋಪವೂ ಹಳೆಯ ಅಸಮಾಧಾನಗಳೂ ಕೂಡಿ, 1780ರಲ್ಲಿ ಅವನು ಕರ್ನಾಟಿಕ್ ಪ್ರಾಂತದ ಮೇಲೆ ದಂಡೆತ್ತಿ ಹೋದನು.

1782ರ ಡಿಸೆಂಬರಿನಲ್ಲಿ ಹೈದರನು ತೀರಿಕೊಂಡನು. ಮೈಸೂರಿನ ಸೈನ್ಯವನ್ನು ಪೂರ್ವದಿಂದ ಪಶ್ಚಿಮಕ್ಕೆ ಸೆಳೆಯುವ ಉದ್ದೇಶದಿಂದ ಮುಂಬಯಿ ಸರಕಾರವು ಜನರಲ್ ಮ್ಯಾಥ್ಯೂಸನನ್ನು ಕರಾವಳಿಗೆ ಕಳುಹಿಸಿತು. ಅವನು ಹೊಸಂಗಡಿ ಘಟ್ಟವನ್ನೇರಿ 1783ರ ಜನವರಿಯ ಕೊನೆಯಲ್ಲಿ ನಗರವನ್ನು ವಶಪಡಿಸಿಕೊಂಡನು. ಅಲ್ಲಿ ದೊರೆತ ಭಂಡಾರದ ವಿಷಯದಲ್ಲಿ ಅವನಿಗೂ ಅವನ ಅಧಿಕಾರಿಗಳಿಗೂ ಕಲಹವುಂಟಾಯಿತು. ಟಿಪ್ಪುವು ಧಾವಿಸಿ ಬಂದು ಮುತ್ತಿಗೆ ಹಾಕಿ, ಮೂರು ತಿಂಗಳೊಳಗೆ ಊರನ್ನು ಮರಳಿ ಪಡೆದನು. ಮ್ಯಾಥ್ಯೂಸನು ಸೆರೆಯಲ್ಲಿಯೇ ಸತ್ತನು.

ಈಗ ಒಂದು ತಾರೀಖನ್ನು ಗಮನಿಸಬೇಕು. ಇಂಗ್ಲೆಂಡು ಮತ್ತು ಫ್ರಾನ್ಸುಗಳು ವರ್ಸೇಲ್ಸಿನಲ್ಲಿ ಪ್ರಾಥಮಿಕ ಸಂಧಿಗೆ ಸಹಿ ಹಾಕಿದ್ದು 1783ರ ಜನವರಿ 20ರಂದು. ಎಂದರೆ, ನಗರದ ಮೇಲೆ ಆಂಗ್ಲೇಯರ ಬಾವುಟ ಏರುವ ಮೊದಲೇ ಐರೋಪ್ಯರ ಕಲಹವು ಶಾಂತಿಯ ದಾರಿ ಹಿಡಿದಿತ್ತು! ಸುದ್ದಿಯು ಹಡಗಿನಲ್ಲಿ ಬರಬೇಕು. ಅದು ನಮ್ಮ ದೇಶವನ್ನು ತಲಪುವಾಗ ಮಳೆಗಾಲ ಹಿಡಿದಿತ್ತು. ಆಗ ಮಂಗಳೂರಿನ ಮುತ್ತಿಗೆಯಲ್ಲಿ ಟಿಪ್ಪುವಿನೊಡನಿದ್ದ ಫ್ರೆಂಚರು ಯುದ್ಧದಿಂದ ಹಿಂಜರಿದರು. ಅವರ ಜಗಳ ತೀರಿತು, ನಮ್ಮವರದು ತೀರಲಿಲ್ಲ. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಲ್ಲಿ ಟಿಪ್ಪುವೂ ಆಂಗ್ಲೇಯರೂ ಗೆದ್ದ ಸ್ಥಳಗಳನ್ನು ಪರಸ್ಪರ ಹಿಂದಿರುಗಿಸಲು ಒಪ್ಪಿದರು.

ಗಡಿಗಳು ಮೊದಲಿನಂತೆಯೇ ನಿಂತವು. ಜನರ ಬಾಳು ಮೊದಲಿನಂತೆ ನಿಲ್ಲಲಿಲ್ಲ. ಆಂಗ್ಲೇಯರಿಗೆ ನೆರವಾದರೆಂಬ ಆರೋಪದ ಮೇಲೆ ಕೆನರಾ ಕರಾವಳಿಯ ಸಾವಿರಾರು ಕ್ರೈಸ್ತರನ್ನು 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ಯಲಾಯಿತು. ಅನೇಕರು ದಾರಿಯಲ್ಲಿಯೂ ಸೆರೆಯಲ್ಲಿಯೂ ಮಡಿದರು; ಉಳಿದವರಿಗೆ ಬಿಡುಗಡೆಯಾದದ್ದು 1799ರಲ್ಲಿ.

ಈ ಪಾಠವನ್ನು ಹೇಳುವಾಗ ನಾವು ಒಂದು ಎಚ್ಚರವನ್ನು ಪಾಲಿಸುತ್ತೇವೆ. ನಮ್ಮ ಮತದವರೆಂದು ಮ್ಯಾಥ್ಯೂಸನ ಲೋಭವನ್ನು ಮುಚ್ಚುವುದಿಲ್ಲ. ನಮ್ಮ ನಾಡಿನ ದೊರೆಯೆಂದು ಟಿಪ್ಪುವಿನ ಕಾಠಿಣ್ಯವನ್ನು ಮರೆಸುವುದಿಲ್ಲ. ಯಾವ ಪಕ್ಷದ ಜಯವನ್ನು ಓದಿದರೂ, “ಆ ದಿನ ಆ ಊರಿನ ಮನೆಯೊಳಗೆ ಇದ್ದವರ ಗತಿಯೇನು?” ಎಂದು ಕೇಳುವುದನ್ನು ಬಾಲಕಿಯರಿಗೆ ಕಲಿಸುತ್ತೇವೆ.

ತಾಯಂದಿರೇ, ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಮಕ್ಕಳನ್ನು ನಗರದ ಕೋಟೆಗೆ ಕರೆದೊಯ್ದಾಗ ಈ ಎರಡು ತಾರೀಖುಗಳನ್ನೂ ಒಟ್ಟಿಗೆ ಹೇಳಿರಿ. ದೂರದ ಅರಮನೆಯಲ್ಲಿ ಎದ್ದ ಜಗಳವು ಬೇಗನೆ ನಮ್ಮ ಹೊಸ್ತಿಲಿಗೆ ಬರುತ್ತದೆ. ಅಲ್ಲಿಯ ಶಾಂತಿಯಾದರೋ ತಡವಾಗಿ ಬರುತ್ತದೆ.