ಪೈಥಾನ್ ಬಂದರೆ ಸಾಲದು: ಮಕ್ಕಳ ಸಂಸ್ಥೆಯ ಡೇಟಾ ತಂಡ ನಡೆಸುವವರಿಗೆ ಏಳು ಸೂತ್ರ

ಮಕ್ಕಳ ಸೇವಾ ಸಂಸ್ಥೆಯೊಂದರ ಡೇಟಾ ತಂಡಕ್ಕೆ ಮುಖ್ಯಸ್ಥರಾಗಿ ಕಲಬುರಗಿಗೆ ಬಂದಿದ್ದೀರಿ. ಕೆಲಸ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ. ಪೈಥಾನ್ ನಿಮಗೆ ಬರುತ್ತದೆ, ಅದನ್ನು ನಾನು ಹೇಳಬೇಕಿಲ್ಲ. ಉಳಿದದ್ದು ಇಲ್ಲಿದೆ.

1. ಖಾಲಿ ಕೋಶವನ್ನು ತುಂಬಬೇಡಿ, ವಿಚಾರಿಸಿ. ಹೊಲದ ಕೆಲಸ ತೀರಿದ ಮೇಲೆ ತಾಂಡಾಗಳಿಂದ (ಲಂಬಾಣಿ ವಸತಿಗಳಿಂದ) ಮಂದಿ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೊರಡುತ್ತಾರೆ, ಮಕ್ಕಳನ್ನೂ ಕಟ್ಟಿಕೊಂಡು. ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ, ಪರೀಕ್ಷೆಯ ಅಂಕ ಇರುವುದಿಲ್ಲ. ಅಲ್ಲಿ ತರಗತಿಯ ಸರಾಸರಿ ತುಂಬಿದರೆ ಹಾಳೆ ಚಂದ ಕಾಣುತ್ತದೆ; ಆದರೆ ಯಾರಿಗಾಗಿ ಸಂಸ್ಥೆ ಹುಟ್ಟಿತೋ ಆ ಮಗುವೇ ಮಾಯ. ಗೈರು, ಗುಳೆ, ಶಾಲೆ ಬಿಟ್ಟದ್ದು ಇವಕ್ಕೆ ಬೇರೆ ಬೇರೆ ಗುರುತು ಇಡಿ. ಮುಖ್ಯ ಗುರುಗಳಿಗೆ ಫೋನ್ ಹಚ್ಚಿದರೆ ಸಾಕು: "ಪುಣೆಕ್ಕ ಹೋಗ್ಯಾರ್ರಿ, ಯುಗಾದಿಗೆ ಬರ್ತಾರ." ಎರಡು ನಿಮಿಷದ ಕೆಲಸ. ಹಾಗೆಯೇ 2020ರ ಅಕ್ಟೋಬರ್‌ನಲ್ಲಿ ಆದಂತೆ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿಯ ಜನ ಕಾಳಜಿ ಕೇಂದ್ರ ಸೇರಿದರೆ, ಆ ತಿಂಗಳ ಕುಸಿತವನ್ನು ಶಿಕ್ಷಕರ ಲೆಕ್ಕಕ್ಕೆ ಹಚ್ಚಬೇಡಿ.

2. ಜೂನ್ 1ನ್ನು ನಂಬಬೇಡಿ. ಹುಟ್ಟಿದ ತಾರೀಖು ಗೊತ್ತಿಲ್ಲದ ಮಗುವಿಗೆ ದಾಖಲಾತಿ ದಿನ ಮಾಸ್ತರರು ದಯಪಾಲಿಸುವ ಜನ್ಮದಿನ ಅದು. ನಮ್ಮ ಕಡೆ ಅರ್ಧ ಊರಿನ ಹುಟ್ಟುಹಬ್ಬ ಒಂದೇ ದಿನ! ವಯಸ್ಸಿಗೆ ತಕ್ಕ ಎತ್ತರ, ತೂಕದ ಲೆಕ್ಕ ಇದರ ಮೇಲೆ ನಿಂತರೆ ಗಟ್ಟಿಮುಟ್ಟಾದ ಮಗುವೂ ಅಪೌಷ್ಟಿಕತೆಯ ಪಟ್ಟಿ ಸೇರೀತು. ತಾಯಿ ಕಾರ್ಡ್ (ತಾಯಿ-ಮಗುವಿನ ಆರೋಗ್ಯ ದಾಖಲೆ) ತೆಗೆಸಿ ನೋಡಿ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ.

3. ಹೆಸರಿನಿಂದ ಜೋಡಿಸಬೇಡಿ. ಶರಣಬಸಪ್ಪ, ಶರಣಬಸವ, ಶರಣು ಒಬ್ಬನೇ ಇರಬಹುದು, ಮೂವರೂ ಇರಬಹುದು. ಶಾಲಾ ದಾಖಲೆಯಲ್ಲಿ ಪ್ರತಿ ಮಗುವಿಗೂ ಇರುವ ಸ್ಯಾಟ್ಸ್ ಸಂಖ್ಯೆ ಹಿಡಿಯಿರಿ.

4. ಬಾಗಿಲು ತಟ್ಟಿ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಆಳಂದ ಕ್ಷೇತ್ರದಲ್ಲಿ ಮತದಾರರ ಹೆಸರು ತೆಗೆಯಲು 6,018 ಆನ್‌ಲೈನ್ ಅರ್ಜಿ ಬಂದಿದ್ದವು. ಪರಿಶೀಲಿಸಿದಾಗ ಸರಿಯಿದ್ದದ್ದು 24 ಮಾತ್ರ. ಪರದೆಯ ಮೇಲೆ ಎಲ್ಲ ಅರ್ಜಿಯೂ ಒಂದೇ ಥರ ಕಾಣುತ್ತದೆ; ನಿಮ್ಮ ಹಾಳೆಯ ಸಾಲುಗಳೂ ಹಾಗೆಯೇ. ನಿಮ್ಮ ತಂಡದ ಪ್ರತಿಯೊಬ್ಬರೂ, ನೀವೂ ಸೇರಿ, ತಿಂಗಳಿಗೆ ಎರಡು ದಿನ ಬಸ್ ಹತ್ತಬೇಕು. ಇದರಲ್ಲಿ ರಿಯಾಯಿತಿ ಬೇಡ.

5. ಅಳೆದದ್ದು ಗಣಿತವೋ, ಕನ್ನಡವೋ? ಆಳಂದದ ಗಡಿಯ ಊರುಗಳಲ್ಲಿ ಮರಾಠಿ, ತಾಂಡಾದಲ್ಲಿ ಲಂಬಾಣಿ, ಪೇಟೆಯ ಓಣಿಗಳಲ್ಲಿ ಉರ್ದು ಮನೆಮಾತು. ಪುಸ್ತಕದ ಕನ್ನಡದಲ್ಲಿ ಕೊಟ್ಟ ಲೆಕ್ಕಕ್ಕೆ ಉತ್ತರ ಬಾರದಿದ್ದರೆ ಅದನ್ನೇ ಬಾಯಲ್ಲಿ, ಸಂತೆಯ ವ್ಯಾಪಾರದಂತೆ ಕೇಳಿ ನೋಡಿ. ಮನೆಮಾತಿಗೆ ಒಂದು ಕಾಲಂ ಇರಲಿ.

6. ಹೆಸರು ಅಳಿಸಿದ ಮಾತ್ರಕ್ಕೆ ಗುಟ್ಟು ಉಳಿಯುವುದಿಲ್ಲ. ತಾಂಡಾದ ಏಳನೇ ತರಗತಿಯಲ್ಲಿ ಇಬ್ಬರೇ ಹುಡುಗಿಯರಿದ್ದರೆ, ಬಾಲ್ಯವಿವಾಹದ ಅಪಾಯ ಇರುವುದು ಯಾರಿಗೆಂದು ಊರಿಗೆಲ್ಲ ತಿಳಿಯುತ್ತದೆ. ಅಷ್ಟು ಸಣ್ಣ ಸಂಖ್ಯೆ ವರದಿಗೆ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮೊದಲು ಅವರ ಮಾತಿನಲ್ಲೇ ಓದಿ ಹೇಳಿ.

7. ವರದಿ ಮೊದಲು ಊರಿಗೆ, ಆಮೇಲೆ ದಾನಿಗೆ. 2000ದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಕ್ಷರ ಫೌಂಡೇಷನ್ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗಣಿತ ಸ್ಪರ್ಧೆ ನಡೆಸಿ, 4ರಿಂದ 6ನೇ ತರಗತಿಯ ಮಕ್ಕಳು ಎಲ್ಲಿ ಎಡವುತ್ತಿದ್ದಾರೆಂದು ಊರವರ ಮುಂದೆಯೇ ಇಟ್ಟಿತು. ಭಾಗಾಕಾರ ಬಾರದೆಂಬ ಸುದ್ದಿ ಸರ್ವರ್‌ನಲ್ಲಿ ಮಲಗುವುದಕ್ಕಿಂತ ಪಂಚಾಯಿತಿ ಕಟ್ಟೆಯಲ್ಲಿ ಜಗಳವಾಗುವುದು ಮೇಲು. ನಿಮ್ಮ ಮೊದಲ ವರದಿಯನ್ನು ಕನ್ನಡದಲ್ಲಿ, ಒಂದೇ ಪುಟಕ್ಕೆ ಇಳಿಸಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಗಟ್ಟಿಯಾಗಿ ಓದಿ. ಡ್ಯಾಶ್‌ಬೋರ್ಡ್ ಆಮೇಲೆ ಕಟ್ಟಿದರಾಯಿತು.